ಹಂದಿಕಾಲಿನ ಶ್ಯಾವಿಗೆ ತಿಂದ ಗ್ಯೋಕ್‌ಹುನ್

ನಮ್ಮ ಬುದಾಯ್ ಬಂದರಿನ ಓಣಿಯಲ್ಲಿ ಗ್ಯೋಕ್‌ಹುನ್ ನನ್ನ ಪಕ್ಕದಲ್ಲೇ ಕೂತು ಸಿಂಪಿಯ ಚಿಪ್ಪು ಬಿಡಿಸಿ ಮಾಂಸ ತೆಗೆಯುತ್ತಾಳೆ. ಅವಳ ಗಂಡ ತಿಯಮ್‌ಸಿಂಗ್‌ಗೆ ಬರುತ್ತಿದ್ದ ಕಸುಬು ಎರಡೇ, ಕುಡಿಯುವುದು ಮತ್ತು ಬಡಿಯುವುದು. ಹೋದ ತಿಂಗಳು ಅವಳ ಪಕ್ಕೆಲುಬು ಮುರಿದ ಮಹಾಶೂರ. ಅವಳು ಪಕ್ಕೆ ಹಿಡಿದುಕೊಂಡು ನನ್ನ ಮನೆಗೆ ಬಂದಳು. ಅಳಲಿಲ್ಲ, ಅಂಗಳದ ಚಿಪ್ಪು ಗುಡಿಸತೊಡಗಿದಳು.

"ಹೊಡೀವಾಗ ಏನನ್ನಿಸ್ತೇ?" ಎಂದೆ.

"ಏನೂ ಇಲ್ಲಕ್ಕ. ಇನ್ಯಾರಿಗೋ ಹೊಡೀತಿದಾನೆ, ನಾನು ಬಾಗಿಲಲ್ಲಿ ನಿಂತು ನೋಡ್ತಿದೀನಿ ಅನ್ನಿಸ್ತು. ಒಲೆ ಮೇಲೆ ಗಂಜಿ ಸೀದುಹೋಗುತ್ತಲ್ಲಾ ಅಂತ ಯೋಚ್ನೆ."

ಹೇಳುತ್ತಲೇ ನಗತೊಡಗಿದಳು. ನಗು ನಿಲ್ಲಲೇ ಇಲ್ಲ, ಓಣಿಗೆಲ್ಲ ಕೇಳಿಸಿತು.

ಅವಳ ಅತ್ತೆಗೆ ಅಷ್ಟೇ ಸಾಕಾಯಿತು. "ಏಟು ತಿಂದೋಳು ಹಿಂಗೆ ನಗ್ತಾಳೇನ್ರೇ? ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಎಲ್ಲೋ ಜಾರಿಬಿದ್ದು ನನ್ನ ಮಗನ ಮೇಲೆ ಹಾಕ್ತಿದಾಳೆ" ಎಂದು ಮನೆಮನೆಗೆ ಹೇಳಿಬಂದಳು. ಹೆಂಗಸರು ಹೌದೌದು ಎಂದು ತಲೆಯಾಡಿಸಿದರು. ಥೂ, ಹೆಣದ ಮುಂದೆ ಅಳುವುದಕ್ಕೂ ಕೂಲಿಯವರನ್ನು ಕರೆಸುವ ಜನ ನಾವು, ಇವಳ ಕಣ್ಣೀರಿಗೆ ಸಾಕ್ಷಿ ಕೇಳುತ್ತೇವೆ.

ಅವಳು ನನ್ನ ಮನೆಯಲ್ಲೇ ಉಳಿದಳು. ಕೊನೆಗೆ ವಾರ್ಡಿನ ಮುಖಂಡ ಗಂಡಹೆಂಡಿರನ್ನು ರಾಜಿಗೆ ಕರೆದ. ಗ್ರಹಚಾರ ಕಳೆದುಬಂದವರಿಗೆ ಹಂದಿಕಾಲಿನ ಶ್ಯಾವಿಗೆ ತಿನ್ನಿಸುವುದು ನಮ್ಮ ಪದ್ಧತಿ, ಅನಿಷ್ಟ ತೊಲಗಲಿ ಅಂತ. ತಪ್ಪು ಮಾಡಿದವನೇ ಅದನ್ನು ತಂದುಕೊಡಬೇಕು, ಇವಳು ತಿಂದರೆ ವ್ಯಾಜ್ಯ ಮುಗಿಯಿತು, ಮತ್ತೆ ಅವನ ಮನೆಗೇ ಹೋಗಬೇಕು. ತಿಯಮ್‌ಸಿಂಗ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮದುವೆ ಗಂಡಿನ ಠೀವಿಯಲ್ಲಿ ಬಟ್ಟಲು ಹಿಡಿದು ಬಂದ. ಬೇಯಿಸಿದವಳು ಅವನ ತಾಯಿ. ಅಷ್ಟಕ್ಕೂ ಕೈಲಾಗದವನು.

"ತಿನ್ನಮ್ಮ, ಎಲ್ಲ ಮರ್ತುಬಿಡು" ಎಂದ ಮುಖಂಡ. "ಬೇಕಾದ್ರೆ ಮೊದ್ಲು ಸ್ವಲ್ಪ ಅತ್ತುಬಿಡು, ಹಗುರಾಗುತ್ತೆ."

ಬಟ್ಟಲಲ್ಲಿದ್ದುದನ್ನು ಗಂಡನ ಮುಖಕ್ಕೆ ಎರಚುತ್ತಾಳೆ ಎಂದು ನಾನು ಕಾದೆ. ಅವಳು ನಿಧಾನವಾಗಿ, ಒಂದೆಳೆಯೂ ಬಿಡದೆ ತಿಂದಳು. ಮೂಳೆಯನ್ನೂ ಚೀಪಿದಳು. ನನಗೆ ಅವಳ ಮೇಲೂ ಅಸಹ್ಯ ಹುಟ್ಟಿತು.

ತಿಯಮ್‌ಸಿಂಗ್ ಸಿಗರೇಟು ಹಚ್ಚಿ, "ಆಯ್ತಲ್ಲ, ನಡಿ ಮನೆಗೆ" ಎಂದ.

"ಎಲ್ಲಿಗೆ?" ಎಂದಳು ಬಾಯಿ ಒರೆಸಿಕೊಂಡು. "ಅನಿಷ್ಟ ತೊಲಗ್ಲಿ ಅಂತ ತಾನೆ ತಿನ್ನಿಸಿದ್ದು? ಪೂರ್ತಿ ತಿಂದಿದೀನಿ. ತೊಲಗು."

ಅವಳು ನನ್ನ ಜೊತೆ ಎದ್ದು ಬಂದಳು.

ನನ್ನ ಮನೆ ಹೊಸ್ತಿಲು ದಾಟಿದ ಮೇಲೆ ಅವಳು ಕುಸಿದು ಕೂತು ಬಿಕ್ಕಿಬಿಕ್ಕಿ ಅತ್ತಳು. ಅತ್ತೆ, ಓಣಿಯ ಹೆಂಗಸರು, ಎಲ್ಲರೂ ಹೊರಗೆ ಕಿವಿಗೊಟ್ಟು ನಿಂತಿದ್ದರು. ನಾನು ಅವರ ಮುಖದ ಮೇಲೆ ಬಾಗಿಲು ಹಾಕಿದೆ.