ತುಂಬದ ಕೆರೆಗೆ ಬಾಗಿನ

ದಡದ ಮೇಲಿದ್ದರೆ ಊರಿಗೆಲ್ಲ ಕೇಳುವಂತೆ ಬೈಯುತ್ತಿದ್ದ ನಮ್ಮ ಸಣ್ಣತಾಯಮ್ಮತ್ತೆ ಕೆರೆಗೆ ಇಳಿದರೆ ಪಿಸುಗುಟ್ಟುತ್ತಿದ್ದಳು. ಮೀನು ಬೆದರಬಾರದಲ್ಲ! ಅಪ್ಪನ ಅಕ್ಕ ಅವಳು. ಗಂಡ ದೇಶಾಂತರ ಹೋದ ಮೇಲೆ ಮದ್ದೂರಿನ ಹತ್ತಿರದ ನಮ್ಮೂರಿಗೆ ಬಂದು, ಬಿದಿರಿನ ಕೂಳಿಯಲ್ಲಿ ಮೀನು ಹಿಡಿದೇ ಮಗಳನ್ನು ಸಾಕಿ ಮದುವೆ ಮಾಡಿದವಳು. ಯಾರ ಮುಂದೆಯೂ ಕೈಯೊಡ್ಡಲಿಲ್ಲ.

ಆಗ ಕೆರೆಯ ನೀರು ತಿಳಿಯಾಗಿತ್ತು. ಬಗ್ಗಿ ನೋಡಿದರೆ ತಳದಲ್ಲಿ ಹಾಸಿಕೊಂಡ ಹುಲ್ಲು ಕಾಣುತ್ತಿತ್ತು. ಮೀನು ಮೊಟ್ಟೆಯಿಡುತ್ತಿದ್ದುದು ಅದರಲ್ಲೇ. ಯಾರಾದರೂ ಆ ಕಡೆ ಎಮ್ಮೆ ಇಳಿಸಿದರೋ, ಕೆಟ್ಟರು.

"ಲೇ, ಅದು ಬಾಣಂತಿ ಕ್ವಾಣೆ ಕಣ್ಲಾ! ಎಮ್ಮೆ ಆಚ್ಗೆ ಒಡ್ಕಂಡ್ ಓಗು!"

ಎರಡನೇ ಮಹಾಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನಲ್ಲಿ ಓಡತೊಡಗಿದವು. ನಮ್ಮ ಪಟೇಲರು ಕೆರೆಯ ಮೇಲಿನ ಗುಡ್ಡವನ್ನು ಇದ್ದಿಲು ಸುಡುವವರಿಗೆ ಒಪ್ಪಿಸಿದರು. ಮರ ಕಡಿದದ್ದು ಸಾಲದೆಂದು ಆ ಪಾಪಿಗಳು ಬೇರನ್ನೂ ಕಿತ್ತು ಸುಟ್ಟರು. ಮುಂದಿನ ಮಳೆಗೆ ಗುಡ್ಡದ ಕೆಂಪು ಮಣ್ಣೆಲ್ಲ ಕೆರೆಗೆ ಬಂತು. ಬಿಸಿಲು ಕಾಣದೆ, ಮೈಗೆ ಮಣ್ಣು ಮೆತ್ತಿಕೊಂಡು ತಳದ ಹುಲ್ಲು ಕೊಳೆಯಿತು. ಅತ್ತೆಯ ಕೂಳಿಗೆ ಕೊಳೆತ ಎಳೆಗಳು ಸುತ್ತಿಕೊಂಡು ಬಂದವೇ ಹೊರತು ಮೀನು ಬರಲಿಲ್ಲ. ಬೆಳ್ಳೂರಿನ ಮರಗಳಲ್ಲಿ ಗೂಡು ಕಟ್ಟುವ ಕೊಕ್ಕರೆಗಳೂ ಮೀನಿಗೆಂದು ನಮ್ಮ ಕಡೆ ತಲೆಹಾಕುವುದನ್ನು ಬಿಟ್ಟವು.

ಮರುವರ್ಷ, ಎಂದೂ ಇಲ್ಲದೆ, ಆಷಾಢದಲ್ಲೇ ಕೆರೆ ಕೋಡಿ ಹರಿಯಿತು. ಊರಿಗೆ ಊರೇ ಕುಣಿಯಿತು! ಕೆರೆ ತುಂಬಿದರೆ ಹೆಂಗಸರು ಗಂಗಮ್ಮನಿಗೆ ಬಾಗಿನ ಬಿಡಬೇಕು. ಕೆರೆಯನ್ನೇ ನಂಬಿದವಳೆಂದು ಮೊದಲ ಮೊರ ಅತ್ತೆಯದು. ಪಟೇಲರು ಹಾರ ಹಾಕಿಸಿಕೊಂಡು ಮುಂದೆ ನಿಂತಿದ್ದರು. ಅತ್ತೆ ಮೊರವನ್ನು ಏರಿಯ ಮೇಲೆ ಕುಕ್ಕಿದಳು.

"ಯಾವ್ ಕೆರೆ ತುಂಬೈತ್ರೋ? ಗಂಗಮ್ಮನ ಒಟ್ಟೆ ತುಂಬ ಮಣ್ಣು, ಮ್ಯಾಲೊಂದೀಟು ನೀರು. ನಾ ಬಾಗ್ನ ಬುಡಾಕಿಲ್ಲ, ಓಗಿ!"

ಶಿವರಾತ್ರಿಗೆ ಮೊದಲೇ ಕೆರೆ ಒಣಗಿತು. ಮಣ್ಣು ತುಂಬಿದ ಕೆರೆಯಲ್ಲಿ ನೀರು ನಿಲ್ಲುವುದಾದರೂ ಎಲ್ಲಿ? ಪಟೇಲರು ಮಾತ್ರ ಪಂಚಾಯ್ತಿ ಸೇರಿಸಿ, "ಇವ್ಳು ಬಾಗ್ನ ತಡುದ್ಲು, ಗಂಗಮ್ಮ ಮುನಿಸ್ಕಂಡ್ಲು" ಎಂದರು. ಎಲ್ಲರೂ ತಲೆಯಾಡಿಸಿದರು. ಅತ್ತೆ ಊರ ಮುಂದೆ ಅಡ್ಡಬಿದ್ದು ತಪ್ಪೊಪ್ಪಿಕೊಳ್ಳಬೇಕಂತೆ. ಗುಡ್ಡ ಬೋಳಿಸಿದವರಿಗೆ ಹಾರ, ಅವಳಿಗೆ ಈ ಶಿಕ್ಷೆ! ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ. ಅತ್ತೆ ಒಪ್ಪಲಿಲ್ಲ. ಕೆರಗೋಡಿನ ಮಗಳ ಮನೆಗೆ ಹೊರಟುಹೋದಳು.

ಮುಂದಿನ ಬೇಸಿಗೆಯಲ್ಲಿ ದನಕ್ಕೂ ನೀರಿಲ್ಲದಾಗ ಪಟೇಲರು ನನ್ನನ್ನು ಕೆರಗೋಡಿಗೆ ಕಳಿಸಿದರು. ಅವಳು ಬಂದು ಅಡ್ಡಬಿದ್ದರೆ ಕ್ಷಮಿಸುತ್ತಾರಂತೆ. ಕ್ಷಮಿಸಲು ಇವರು ಯಾರು? ಅಲ್ಲಿ ಅತ್ತೆ ಯಾರದೋ ನಾಲೆ ನೀರಿನ ಗದ್ದೆಯಲ್ಲಿ ಕೂಲಿಗೆ ಕಳೆ ಕೀಳುತ್ತಿದ್ದಳು. ಮನೆಗೆ ಕರೆದೊಯ್ದು, ಮುದ್ದೆ ಇಕ್ಕಿ, ನಾನು ಉಂಡು ಕೈತೊಳೆದ ಮೇಲೆ ಹೇಳಿದಳು.

"ಬತ್ತೀನಿ ಬುಡ್ಲಾ ಮಗ. ನಾ ಅಡ್ಡಬಿದ್ರೆ ಆ ಮಣ್ಣು ಎದ್ದು ಗುಡ್ಡುಕ್ಕೆ ಓಯ್ತದಾ, ಕೇಳ್ಕಂಡ್ ಬಾ."

ಊರಿಗೆ ಬಂದು ಎಲ್ಲರೆದುರು ಹಾಗೆಯೇ ಕೇಳಿದೆ. ಪಟೇಲರು ಎಲೆಅಡಿಕೆ ಉಗಿಯಲು ಎದ್ದುಹೋದರು.

ಆ ಮಳೆಗಾಲದಲ್ಲಿ ಅತ್ತೆ ತೀರಿಕೊಂಡಳು. ಸುದ್ದಿ ಬಂದಾಗ ಪಟೇಲರು, "ಕೊನ್ಗೂ ಅಡ್ಡಬೀಳ್ದೇ ಓದ್ಲು" ಎಂದರು.

ಹೌದು, ಬೀಳಲಿಲ್ಲ.