ಹಿಂದಿನ ಸೀಟಿನವರು ‘ಪೆಟ್ರೋಲ್’ ಅಂದರು

ಸುಳ್ಳು ಹೇಳಿ ನನಗೇನೂ ಗಿಟ್ಟಬೇಕಾಗಿಲ್ಲ. ಹಳೆ ಮೋಟಾರು, ಪಂಪ್‌ಸೆಟ್ಟು ಕೊಂಡು, ರಿಪೇರಿ ಮಾಡಿ ಮಾರುವುದು ನನ್ನ ಕಸುಬು. ವ್ಯಾಪಾರಕ್ಕೆ ಕೂತಾಗ ಒಂದಕ್ಕೆ ಎರಡು ಸೇರಿಸಿ ಹೇಳುತ್ತೇನೆ, ಒಪ್ಪಿದೆ. ಈ ವಿಷಯದಲ್ಲಿ ಮಾತ್ರ ಒಂದಕ್ಷರ ಸೇರಿಸಿಲ್ಲ. ನಂಬದವರು ನಂಬಬೇಡಿ. ಆದರೆ ಡೀಸೆಲ್ ಗಾಡಿ ಇಟ್ಟುಕೊಂಡವರು ಪೂರ್ತಿ ಓದಿ, ಇಂಜಿನ್ ಉಳಿಸಿಕೊಳ್ಳುವುದಕ್ಕಾದರೂ ಉಪಯೋಗಕ್ಕೆ ಬರುತ್ತದೆ.

ಆ ಕಾರು ಕೊಂಡದ್ದು ಅಳಿಯ ಮಹೇಶನಿಗಾಗಿ. ಅವನು ದುಡಿಯುತ್ತಿದ್ದ ವರ್ಕ್‌ಶಾಪ್ ಮುಚ್ಚಿಹೋಗಿತ್ತು. ಮನೆಯಲ್ಲಿ ಕೂತು ಕೂತು ಅವನೂ ಸೊರಗಿದ್ದ, ನನ್ನ ಮಗಳು ಸುಮಾಳೂ ಸೊರಗಿದ್ದಳು. ಬಾಡಿಗೆ ಓಡಿಸಿಕೊಂಡಾದರೂ ನಿಲ್ಲಲಿ ಅಂತ ಭದ್ರಾವತಿಯ ಓಲ್ಡ್ ಟೌನಿನಲ್ಲಿ ನಂಜುಂಡಪ್ಪ ಅನ್ನುವ ನಿವೃತ್ತ ಮೇಷ್ಟರ ಡೀಸೆಲ್ ಕಾರು ಗೊತ್ತುಮಾಡಿದೆ. ಗಾಡಿ ಹಳತಾದರೂ ಹಿಂದಿನ ಸೀಟಿನ ಪ್ಲಾಸ್ಟಿಕ್ ಕವರ್ ಕೂಡ ತೆಗೆದಿರಲಿಲ್ಲ, ಅಷ್ಟು ನಾಜೂಕಾಗಿ ಇಟ್ಟಿದ್ದರು. ಯಾಕೆ ಮಾರುತ್ತೀರಿ ಅಂದರೆ, “ಈಗ ಎಲ್ಲಿಗೆ ಅಂತ ಹೋಗೋದು ಹೇಳಿ,” ಅಂದರು. ನಾನು ಕೆದಕಲಿಲ್ಲ. ಮಾರುವವರ ದುಃಖ ಕೇಳಿದರೆ ಚೌಕಾಸಿ ಮಾಡಲು ಬಾಯಿ ಬರುವುದಿಲ್ಲ.

ಹೆಸರು ಬದಲಾವಣೆ, ಹಳದಿ ಬೋರ್ಡು ಎಲ್ಲ ಮುಗಿದ ಮೇಲೆಯೇ ಗಾಡಿ ಎತ್ತಿದೆ. ಮರುದಿನ ಬೆಳಿಗ್ಗೆ ಮಹೇಶನಿಗೆ ಮೊದಲ ಬಾಡಿಗೆ, ಆಯನೂರಿನ ಒಂದು ಮದುವೆ ಮನೆಯವರದ್ದು. ಸಂಜೆ ನಾನೊಬ್ಬನೇ ಶಿವಮೊಗ್ಗದ ಕಡೆ ಹೊರಟೆ. ಚಳಿಗಾಲ... ಊರು ದಾಟುವಷ್ಟರಲ್ಲಿ ಕತ್ತಲು.

ದಾರಿಯಲ್ಲಿ ಒಂದು ಬಂಕ್. ಬೇರೆ ಒಂದೂ ಗಾಡಿಯಿಲ್ಲ. ಪಂಪಿನ ಹತ್ತಿರ ಸ್ವೆಟರ್ ಹಾಕಿಕೊಂಡ ಹೆಂಗಸೊಬ್ಬಳು ನಿಂತಿದ್ದಳು. ನಾನು ಟ್ಯಾಂಕಿನ ಮುಚ್ಚಳ ತೆಗೆದುಕೊಟ್ಟು, ಕೀಯನ್ನು ಜೇಬಿಗೆ ಹಾಕಿಕೊಂಡು, “ಫುಲ್ ಮಾಡಮ್ಮ,” ಅಂತಷ್ಟೇ ಹೇಳಿ ಕೈಕಾಲು ತೊಳೆಯಲು ಹಿಂದೆ ಹೋದೆ. ಡೀಸೆಲ್ ಅಂತ ಬಾಯಿಬಿಟ್ಟು ಹೇಳಲಿಲ್ಲ. ನೀವು ಈ ತಪ್ಪು ಮಾಡಬೇಡಿ. ಪೈಪು ಕೈಗೆತ್ತಿಕೊಳ್ಳುವವರೆಗೆ ಪಕ್ಕದಲ್ಲೇ ನಿಲ್ಲಿ.

ಬಂದು, ದುಡ್ಡು ಕೊಟ್ಟು, ಒಳಗೆ ಕೂತು ಕೀ ಹಾಕಿದೆ. ಇನ್ನೇನು ತಿರುಗಿಸಬೇಕು... ಮೂಗಿಗೆ ಘಾಟು ಬಡಿಯಿತು. ಡೀಸೆಲ್ ವಾಸನೆ ಎಣ್ಣೆಯ ಹಾಗೆ ಜಿಡ್ಡುಜಿಡ್ಡು. ಇದು ಆ ವಾಸನೆಯಲ್ಲ.

“ಏನಮ್ಮ ಹಾಕಿದ್ದು?”

“ಪೆಟ್ರೋಲ್ ಸಾರ್.”

ಕೈ ಅಲ್ಲೇ ನಿಂತಿತು. ಡೀಸೆಲ್ ಇಂಜಿನ್ನಿಗೆ ಪೆಟ್ರೋಲ್ ಅಂದರೆ ವಿಷ. ಡೀಸೆಲ್‌ನ ಜಿಡ್ಡಿನಲ್ಲೇ ಅದರ ಪಂಪು ಉಳಿಯುವುದು. ಕೀ ತಿರುಗಿಸಿದರೆ ಸಾಕು, ಟ್ಯಾಂಕಿನಲ್ಲಿದ್ದದ್ದು ಒಳಗೆ ನುಗ್ಗುತ್ತದೆ. ಆಮೇಲೆ ಮಹೇಶನ ಬಾಡಿಗೆಯೂ ಇಲ್ಲ, ಬದುಕೂ ಇಲ್ಲ. ಕೀ ಮೆಲ್ಲನೆ ಹೊರಗೆಳೆದು ಇಳಿದೆ.

“ಡೀಸೆಲ್ ಗಾಡಿಗೆ ಪೆಟ್ರೋಲ್ ಹಾಕಿದೀಯಲ್ಲ ಮಾರಾಯ್ತಿ! ಕೇಳಬಾರದಾ?”

“ಕೇಳ್ದೆ ಸಾರ್! ಕೇಳ್ದೆ ಹಾಕ್ತೀನಾ? ನಿಮ್ಮನೆ ಅಮ್ಮಾವ್ರೇ ಹೇಳಿದ್ರು, ಪೆಟ್ರೋಲ್ ಹಾಕಮ್ಮ ಅಂತ.”

“ಯಾವ ಅಮ್ಮಾವ್ರು?”

“ಹಿಂದ್ಗಡೆ ಕೂತಿದ್ರಲ್ಲ... ಗ್ಲಾಸ್ ಇಳಿಸಿ ಹೇಳಿದ್ರು.” ಒಳಗೆ ಬಗ್ಗಿ ನೋಡಿದಳು. “ಬಾತ್‌ರೂಮಿಗೆ ಹೋದ್ರೇನೋ.”

ನಾನು ನೋಡಿದೆ. ಹಿಂದಿನ ಎಡಗಡೆ ಗಾಜು ನಾಲ್ಕು ಬೆರಳಷ್ಟು ಇಳಿದಿತ್ತು.

ಆ ಗಾಜು ಸ್ವಿಚ್ಚಿನದು. ಕೀ ತಿರುಗಿಸದೆ ಇಳಿಯುವುದಿಲ್ಲ. ಕೀ ನನ್ನ ಜೇಬಿನಲ್ಲಿತ್ತು...

ನಾನೇ ಎಲ್ಲೋ ಮೊದಲೇ ಇಳಿಸಿರಬೇಕು ಅಂದುಕೊಂಡೆ. ಇಬ್ಬರೂ ಸೇರಿ ಗಾಡಿಯನ್ನು ಮೂಲೆಗೆ ತಳ್ಳಿದೆವು. ಗುರುತಿನ ಮೆಕ್ಯಾನಿಕ್ ಸಲೀಂ ಭಾಯಿಗೆ ಫೋನ್ ಮಾಡಿದೆ. “ಕೀ ಮುಟ್ಟಬೇಡಿ ಸಾವ್ಕಾರ್ರೆ, ಲೈಟೂ ಬೇಡ, ಹಾರ್ನೂ ಬೇಡ. ಬರ್ತೀನಿ,” ಅಂದ.

ಹೊರಗೆ ಚಳಿ ಕೊರೆಯುತ್ತಿತ್ತು. ಒಳಗೆ ಡ್ರೈವರ್ ಸೀಟಿನಲ್ಲಿ ಕೂತೆ. ಆ ಗಾಜು ಏರಿಸೋಣವೆಂದರೆ ಕೀ ತಿರುಗಿಸುವ ಹಾಗಿಲ್ಲ. ಅದು ಹಾಗೇ ತೆರೆದಿತ್ತು. ಕತ್ತಿನ ಹಿಂದೆ ಗಾಳಿ ತಣ್ಣಗೆ ತಾಕುತ್ತಿತ್ತು.

ಆಗ ಸದ್ದು ಕೇಳಿತು. ಚರ್... ಚರ್...

ಸೀಟಿನ ಪ್ಲಾಸ್ಟಿಕ್. ಯಾರಾದರೂ ಕಾಲು ನೋಯುತ್ತದೆಂದು ಕೂತಲ್ಲೇ ಮಗ್ಗಲು ಬದಲಿಸಿದರೆ ಆಗುವಂಥ ಸದ್ದು. ಜೊತೆಗೆ ಒಂದು ವಾಸನೆ. ವಯಸ್ಸಾದವರು ಮಂಡಿಗೆ ತಿಕ್ಕಿಕೊಳ್ಳುವ ನೋವಿನ ಮುಲಾಮಿನದು. ಪೆಟ್ರೋಲಿನ ಘಾಟನ್ನೂ ಮೀರಿ ಬಂತು.

ತಿರುಗಿ ನೋಡಿದೆ. ಯಾರೂ ಇಲ್ಲ. ಆದರೆ ಎಡಗಡೆ ಪ್ಲಾಸ್ಟಿಕ್ ಕವರ್ ತಗ್ಗಾಗಿತ್ತು... ನನ್ನ ಕಣ್ಣೆದುರಿಗೇ ನಿಧಾನವಾಗಿ ಮೇಲೆದ್ದು ಸಮವಾಯಿತು.

ಬಾಗಿಲು ತೆರೆದು ಇಳಿದದ್ದು ನೆನಪಿಲ್ಲ. ಚಳಿಯಾದರೆ ಆಯಿತೆಂದು ಆ ಹೆಂಗಸಿನ ಪಕ್ಕದಲ್ಲೇ ಹೋಗಿ ನಿಂತೆ. ಅವಳು ಅಮ್ಮಾವ್ರು ಎಲ್ಲಿ ಅಂತ ಮತ್ತೆ ಕೇಳಲಿಲ್ಲ.

ಸಲೀಂ ಕ್ಯಾನು, ಪೈಪು ಹಿಡಿದು ಬಂದವನೇ ನಕ್ಕ. “ಏನ್ ಸಾವ್ಕಾರ್ರೆ, ಊರಿಗೆಲ್ಲ ಬುದ್ಧಿ ಹೇಳೋರು ನೀವು! ಡೀಸೆಲ್ ಗಾಡಿಗೆ ಪೆಟ್ರೋಲ್ ಕುಡಿಸಿದೀರಲ್ಲ?” ಗಾಡಿಯ ಕೆಳಗೆ ಮಲಗಿ ಟಾರ್ಚ್ ಬಿಟ್ಟು ನೋಡಿದ. “ಈ ಟ್ಯಾಂಕ್ ಒಂದ್ಸಲ ಬಿಚ್ಚಿದಾರೆ. ಬೋಲ್ಟ್ ಮೇಲೆ ಸ್ಪ್ಯಾನರ್ ಗುರುತಿದೆ. ಯಾಕೆ ಬಿಚ್ಚಿದ್ರು ಕೇಳಿ ನೋಡಿ.”

ನಂಜುಂಡಪ್ಪನವರಿಗೆ ಫೋನ್ ಮಾಡಿದೆ.

“ಹೌದು, ಒಂದ್ಸಲ ಆಗಿತ್ತು,” ಅಂದರು. ದನಿಯಲ್ಲಿ ಸಣ್ಣ ನಗು. “ನಮ್ಮನೆಯವಳ ಕೆಲಸ ಅದು. ಅವಳ ಬಾಯಲ್ಲಿ ಎಲ್ಲಾನೂ ಪೆಟ್ರೋಲೇ. ಲಾರಿಗೂ ಪೆಟ್ರೋಲ್, ಟ್ರ್ಯಾಕ್ಟರಿಗೂ ಪೆಟ್ರೋಲ್. ನಾನು ದುಡ್ಡು ತೆಗೆಯೋದ್ರೊಳಗೆ ಗಾಜು ಇಳಿಸಿ ‘ಪೆಟ್ರೋಲ್ ಹಾಕಪ್ಪ’ ಅಂದುಬಿಟ್ಟಿದ್ಳು. ಅವನು ಹೊಸಬ, ಹಾಗೇ ಹಾಕಿದ್ದ. ಆಮೇಲೆ ಎಷ್ಟು ತಮಾಷೆ ಮಾಡಿದ್ರೂ ಬುದ್ಧಿ ಕಲೀಲಿಲ್ಲ... ಅವಳು ತೀರಿಹೋಗಿ ವರ್ಷ ಆಗ್ತಾ ಬಂತು.”

ನಾನು ಆ ಇಳಿದ ಗಾಜಿನ ಕಡೆ ನೋಡಿದೆ.

“ಯಾಕೆ ಕೇಳಿದ್ರಿ?”

“ಇವತ್ತೂ ಹಾಗೇ ಆಯ್ತು ಮೇಷ್ಟ್ರೇ. ಪೆಟ್ರೋಲ್ ಹಾಕ್ಬಿಟ್ರು.”

“ಯಾರು ಹೇಳಿದ್ರು ಪೆಟ್ರೋಲ್ ಅಂತ?”

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ. ಆ ಕಡೆಯಿಂದ ಉಸಿರು ಮಾತ್ರ ಕೇಳುತ್ತಿತ್ತು. ಆಮೇಲೆ ತೀರಾ ಮೆಲ್ಲಗೆ ಕೇಳಿದರು:

“ಎಡಗಡೆ ಕೂತಿದ್ಳಾ?”

ನಾನು ಕಾರಿನ ಎಡಗಡೆಯಿಂದ ಬಲಗಡೆಗೆ ಸರಿದು ನಿಂತೆ.

“ಬೇಡ ಅನ್ಸಿದ್ರೆ ಗಾಡಿ ವಾಪಸ್ ತಂದ್ಬಿಡಿ,” ಅಂದರು ಮೇಷ್ಟರು. ಅವರ ದನಿಯಲ್ಲಿದ್ದದ್ದು ಭಯವಲ್ಲ, ಆಸೆ. ಅದೇ ನನ್ನನ್ನು ಹೆಚ್ಚು ಹೆದರಿಸಿತು. ಮನೆಯಲ್ಲಿ ಸುಮಾ ಆರತಿ ತಟ್ಟೆ ಹಿಡಿದು ಕಾಯುತ್ತಿದ್ದಳು. ಮಹೇಶ ಎಷ್ಟೋ ತಿಂಗಳ ಮೇಲೆ ಇಸ್ತ್ರಿ ಮಾಡಿದ ಶರ್ಟು ತೆಗೆದಿಟ್ಟಿದ್ದ. “ನೋಡ್ತೀನಿ ಮೇಷ್ಟ್ರೇ,” ಅಂದು ಫೋನ್ ಇಟ್ಟೆ.

ಸಲೀಂ ಟ್ಯಾಂಕ್ ಖಾಲಿ ಮಾಡಿ, ಫಿಲ್ಟರ್ ಬದಲಿಸಿ, ಡೀಸೆಲ್ ಹಾಕಿಸಿ ಸ್ಟಾರ್ಟ್ ಮಾಡಿದ. ಇಂಜಿನ್ ಒಂದು ಸಲ ಕೆಮ್ಮಿ ನಿಂತಿತು. ನನ್ನ ಜೀವವೂ ನಿಂತಿತು. ಎರಡನೇ ಸಲ ಹಿಡಿಯಿತು. “ಬಚಾವ್! ಕೀ ತಿರುಗಿಸಿದ್ರೆ ಇವತ್ತು ಖತಂ ಆಗ್ತಿತ್ತು,” ಅಂದ.

ಶಿವಮೊಗ್ಗದ ಹೊಸಮನೆ ಬಡಾವಣೆಯ ನಮ್ಮ ಮನೆಯವರೆಗೆ ಒಳಗಿನ ಕನ್ನಡಿಯನ್ನು ಮೇಲಕ್ಕೆ ತಿರುಗಿಸಿಕೊಂಡು ಓಡಿಸಿದೆ. ರಸ್ತೆಯ ಪ್ರತಿ ಹಂಪಿನಲ್ಲೂ ಹಿಂದೆ ಪ್ಲಾಸ್ಟಿಕ್ ಚರ್ ಅನ್ನುತ್ತಿತ್ತು. ಖಾಲಿ ಸೀಟಿನದೂ ಹಾಗೇ ಅನ್ನುತ್ತದೆ, ನನಗೆ ಗೊತ್ತು. ಆದರೂ ತಿರುಗಿ ನೋಡಲಿಲ್ಲ. ಮನೆ ಮುಟ್ಟಿದ ಕೂಡಲೇ ಆ ಕವರ್ ಕಿತ್ತು ಎಸೆದೆ. ಮನೆಯವರಿಗೆ ಪೆಟ್ರೋಲಿನ ವಿಷಯ ಹೇಳಿದೆ, ಉಳಿದದ್ದು ಹೇಳಲಿಲ್ಲ.

ಈಗ ಮಹೇಶನ ಬಾಡಿಗೆ ಚೆನ್ನಾಗಿದೆ. ಸುಮಾಳ ಮುಖದಲ್ಲಿ ಕಳೆ ಬಂದಿದೆ. ಗಾಡಿ ಒಂದು ದಿನವೂ ಕೈಕೊಟ್ಟಿಲ್ಲ. ವಾಪಸ್ ಕೊಡುವ ಮಾತು ಯಾವ ಬಾಯಲ್ಲಿ ಎತ್ತಲಿ?

ಮೊನ್ನೆ ಊಟಕ್ಕೆ ಕೂತಾಗ ಮಹೇಶ ನಗುತ್ತ ಹೇಳಿದ: “ಮಾವ, ಈ ಗಾಡಿಗೆ ಬರೋ ಗಿರಾಕಿಗಳದ್ದು ಒಂದು ವಿಚಿತ್ರ ನೋಡಿ. ಮೂರು ಜನ ಬಂದ್ರೆ ಹಿಂದೆ ಇಬ್ಬರೇ ಕೂರ್ತಾರೆ. ಮೂರನೆಯವ್ರು ಬಾಗಿಲು ತೆಗೆದು, ಮತ್ತೆ ಹಾಕಿ, ಮುಂದೆ ಬಂದು ನನ್ನ ಪಕ್ಕ ಕೂರ್ತಾರೆ. ಹಿಂದೇನೇ ಕೂತ್ಕೊಳ್ಳಿ, ಆರಾಮಾಗಿರುತ್ತೆ ಅಂದ್ರೆ...”

“ಅಂದ್ರೆ?”

“ಜಾಗ ಇಲ್ವಲ್ಲಪ್ಪ, ಅಂತಾರೆ.”

ಗಿರಾಕಿಯ ಜೊತೆ ವಾದ ಮಾಡಬೇಡ, ಅವರು ಹೇಳಿದಲ್ಲಿ ಕೂರಿಸು ಅಂದೆ. ತಟ್ಟೆಯಲ್ಲಿದ್ದ ಅನ್ನ ಹಾಗೇ ಉಳಿಯಿತು.