ಬೋಗುಣಿಯ ಕೆಳಗಿನ ಆಂಟೆನಾ

ಹೋದ ಬುಧವಾರ ಮಧ್ಯಾಹ್ನ ರೇಡಿಯೊ ಅಣ್ಣ ತೀರಿಕೊಂಡ. ಅಂಗಡಿಯ ಕುರ್ಚಿಯಲ್ಲಿ ಕೂತಿದ್ದವನು ಕೂತ ಹಾಗೇ ಹೋದ. ಹೃದಯ, ಎಂದರು ಡಾಕ್ಟರು.

ಮನೆಯ ಮುಂದಿನ ಕೋಣೆಯೇ ಅಂಗಡಿ. ಬಂದರಿನ ದೋಣಿಗಳ ರೇಡಿಯೊ ಸೆಟ್ಟುಗಳೆಲ್ಲ ರಿಪೇರಿಗೆ ಅಲ್ಲಿಗೇ ಬರುತ್ತಿದ್ದವು. ಹಿಂದಿನ ತಿಂಗಳು ದೋಣಿಯವನೊಬ್ಬ ತನ್ನ ಸೆಟ್ಟನ್ನು ಮೇಜಿನ ಮೇಲೆ ಕುಕ್ಕಿದ್ದ.

"ದಡದಲ್ಲಿ ಗಿಳಿ ಹಾಗೆ ಮಾತಾಡುತ್ತೆ, ದೂರ ಹೋದ್ರೆ ಬಾಯಿ ಬಿದ್ದುಹೋಗುತ್ತೆ. ನಿನ್ನ ಟ್ಯೂನಿಂಗೇ ಸರಿಯಿಲ್ಲ ಅಣ್ಣ."

"ತರಂಗ ಅಳೆಯೋ ನನ್ನ ಮೀಟರ್ ಸುಳ್ಳು ಹೇಳಲ್ಲ ಕಣೋ."

ಅಣ್ಣ ಹೇಳಿದ್ದೇನೋ ಹೇಳಿಬಿಟ್ಟ, ದೋಣಿಯವನ ಮಾತು ಮಾತ್ರ ಮುಳ್ಳಾಗಿ ಕೂತಿತು. ತಕ್ಕಡಿಯೇ ತಪ್ಪಿದ್ದರೆ ತೂಕ ಸರಿಯಾದೀತೆ? ನಡುನೀರಲ್ಲಿ ಕೂಗಿದರೆ ಕೇಳುವವರು ಯಾರು? ಗುಜರಿಯಲ್ಲಿ ಸಿಕ್ಕ ಹಳೆಯ ಫೋನ್ ಟವರಿನ, ಸಮನಾಗಿ ಮಿಡಿಯುವ ಹರಳು, ಅಗ್ಗದ ಜಿಪಿಎಸ್ ಬೋರ್ಡು, ಬಿಸ್ಕತ್ತಿನ ಡಬ್ಬಿ ಸೇರಿಸಿ ಮೀಟರಿಗೇ ಒಂದು ಅಳತೆಗೋಲು ಕಟ್ಟಿದ. ಉಪಗ್ರಹದ ಗಡಿಯಾರ ಸೆಕೆಂಡಿಗೊಮ್ಮೆ ತಾಳ ಹಾಕುತ್ತದೆ. ಹರಳು ಆ ತಾಳಕ್ಕೆ ಹೊಂದಿಕೊಂಡಾಗ ಹಸಿರು ದೀಪ. ಹರಳಿಗೆ ಗಾಳಿ ತಾಗಬಾರದೆಂದು ಡಬ್ಬಿಗೆ ಶಾಲು ಸುತ್ತಿ, ಫ್ಯಾನನ್ನೂ ಆರಿಸಿದ.

"ನನಗೆ ಯಾವತ್ತಾದ್ರೂ ಇಷ್ಟು ಉಪಚಾರ ಮಾಡಿದ್ರಾ? ಯಾವಾಗ ಬಂದ್ಲು ಈ ಸವತಿ?" ಎಂದಳು ಹೆಂಡತಿ.

ಹೋದ ಮಂಗಳವಾರ ಸಂಜೆ ಜಿಪಿಎಸ್ ಆಂಟೆನಾವನ್ನು ತಾರಸಿಯಲ್ಲಿಟ್ಟು ಬಂದ. ಬೆಳಗ್ಗೆ ನೋಡಿದರೆ ದೀಪ ಕೆಂಪು. ವೈರು ಬಿಚ್ಚಿದ, ಬೆಸೆದ. ಕೆಂಪೇ.

ಸೆಟ್ಟಿಗಾಗಿ ಬಂದ ದೋಣಿಯವನು ಬಾಗಿಲಲ್ಲಿ ಚಡಪಡಿಸುತ್ತಿದ್ದ. "ಬೇಗ ಅಣ್ಣ. ನೀರು ಇಳಿದ್ರೆ ದೋಣಿ ಹೊರಡಲ್ಲ."

"ಯಾಕ್ರೀ ಹೀಗೆ ಬೆವರ್ತಿದೀರಿ?" ಎಂದಳು ಹೆಂಡತಿ.

"ಫ್ಯಾನಿಲ್ವಲ್ಲ, ಅದಕ್ಕೆ. ಆಂಟೆನಾಗೆ ಏನಾಯ್ತೋ."

"ಅದಕ್ಕೇನಾಗುತ್ತೆ? ಮಳೆಗೆ ನೆನೀಬಾರ್ದು ಅಂತ ಸ್ಟೀಲ್ ಬೋಗುಣಿ ಮುಚ್ಚಿದೀನಿ."

"ಅದು ಆಕಾಶ ನೋಡ್ಬೇಕು ಮಾರಾಯ್ತಿ!"

ಮೆಟ್ಟಿಲು ಓಡಿ ಹತ್ತಿದ. ಬೋಗುಣಿ ತೆಗೆದು ಏದುಸಿರಲ್ಲಿ ಇಳಿದು ಬಂದ. ಕೆಂಪು ದೀಪ ಮಿನುಗುತ್ತ ಸತಾಯಿಸಿತು. ದೋಣಿಯವನು ಬೀದಿಗಿಳಿದು ನೀರು ನೋಡಿ ಬಂದ, ಮತ್ತೆ ಹೋಗಿ ಬಂದ. ಕೊನೆಗೂ ಹಸಿರು ಹತ್ತಿತು.

ಮೀಟರನ್ನು ಡಬ್ಬಿಗೆ ಜೋಡಿಸಿದ. ಅಂಕಿಗಳನ್ನು ನೋಡುತ್ತ ನಿಂತೇಬಿಟ್ಟ.

"ಏನಣ್ಣ?"

ಬಾಯಿಮುಚ್ಚಿಕೊಂಡು ತಿದ್ದಿ ಕೊಡಬಹುದಿತ್ತು. "ಸುಳ್ಳು ಹೇಳಿದ್ದು ನನ್ನ ಮೀಟರೇ ಕಣೋ," ಎಂದ.

"ಬೈಬೇಡ ಬಿಡು, ಅದಕ್ಕೂ ವಯಸ್ಸಾಯ್ತು."

ಸೆಟ್ಟನ್ನು ಹೊಸದಾಗಿ ಟ್ಯೂನ್ ಮಾಡಿ ಕೊಟ್ಟ. ದೋಣಿಯವನು ಅದನ್ನು ಎದೆಗವಚಿಕೊಂಡು ಓಡಿದ.

ಅಣ್ಣ ಊಟಕ್ಕೂ ಒಳಗೆ ಹೋಗಲಿಲ್ಲ. ಮಧ್ಯಾಹ್ನ ಅಂಗಡಿಯ ರೇಡಿಯೊ ಗೊರಗುಟ್ಟಿತು. "ಅಣ್ಣಾ, ದಡ ಕಣ್ಮರೆಯಾಯ್ತು. ಕೇಳಿಸ್ತಿದೆಯಾ?"

ಅವನು ಕುರ್ಚಿ ಎಳೆದುಕೊಂಡು ಕೂತ. ಮೈಕಿನ ಗುಂಡಿ ಒತ್ತಿದ.

"ಪಕ್ಕದಲ್ಲೇ ಕೂತು ಮಾತಾಡಿದ ಹಾಗಿದೆ. ಹೋಗಿ ಬಾ."